ಚಾನ್ಸ್ ಎಷ್ಟಿದೆ ಅಂತ ಕೇಳಿದರು...

ತುಂಬಾ ದಿನ ಆಯ್ತು ಈ ಕಡೆ ಏನೂ ಬರೆಯದೆ. ಆಫೀಸಿನಲ್ಲಿ ರಿಲೀಸು, ಮನೆಯಲ್ಲಿ ಸೋಮಾರಿತನ, ಎರಡೂ ಸೇರಿ ಮೂರು ತಿಂಗಳು ಹೋಗೇಬಿಟ್ಟಿತು. ಇವತ್ತು ಬರೆಯದಿದ್ದರೆ ನಿದ್ದೆ ಬರಲ್ಲ ಅನ್ನಿಸಿ ಕೂತಿದ್ದೀನಿ. ಸ್ವಲ್ಪ ಉದ್ದ ಆಗಬಹುದು, ಕಾಫಿ ಪಕ್ಕದಲ್ಲಿಟ್ಟುಕೊಂಡು ಓದಿ :-)

ಹೋದ ತಿಂಗಳು ಹಾಸನಕ್ಕೆ ಹೋಗಿದ್ದೆ, ಚಿಕ್ಕಮ್ಮನ ಮನೆಗೆ. ಊಟಕ್ಕೆ ಕೂತಲ್ಲೇ ಚಿಕ್ಕಪ್ಪ ಶುರು ಮಾಡಿದರು. "ನೋಡೋ, ನೀನು ಇಂಜಿನಿಯರಿಂಗ್ ಮಾಡಿದೋನು. ನಮ್ಮ ಪುಟ್ಟಿಗೆ ಸುರತ್ಕಲ್ಲೋ ಇಲ್ಲಾ ಬೆಂಗಳೂರಲ್ಲಿ ಯಾವುದಾದ್ರೂ ಒಳ್ಳೆ ಕಾಲೇಜೋ ಸಿಗೋ ಚಾನ್ಸ್ ಎಷ್ಟಿದೆ ಹೇಳು ಮತ್ತೆ."

ಪುಟ್ಟಿ ಅಂದರೆ ಅವರ ಮಗಳು, ನನ್ನ ತಂಗಿ. ಸೆಕೆಂಡ್ ಪಿಯು ಮುಗಿಸಿದ್ದಾಳೆ. ಹುಟ್ಟಿನಿಂದ ಕಿವಿ ಕೇಳಿಸಲ್ಲ. ಎರಡೂ ಕಿವಿಗೆ ಮಿಷನ್ನು ಹಾಕಿಕೊಳ್ಳುತ್ತಾಳೆ, ಹಾಕಿಕೊಂಡರೂ ಸದ್ದು ಗೊತ್ತಾಗುತ್ತೆ, ಮಾತು ಪೂರ್ತಿ ಗೊತ್ತಾಗಲ್ಲ. ಅವಳು ಚಿಕ್ಕವಳಿದ್ದಾಗ ಚಿಕ್ಕಮ್ಮ ಎರಡು ವರ್ಷ ಮೈಸೂರಿನಲ್ಲಿ ಒಂದು ರೂಮು ಮಾಡಿಕೊಂಡಿದ್ದರು. ದಿನಾ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋಗಿ, ಅಲ್ಲಿ ಹೇಳಿಕೊಟ್ಟಿದ್ದನ್ನು ತಾವೂ ಕಲಿತು, ಸಂಜೆ ಮನೆಯಲ್ಲಿ ಮತ್ತೆ ಅದನ್ನೇ ಹೇಳಿಕೊಡೋದು. ಅವಳು ಇವತ್ತು ಮಾತಾಡ್ತಾಳೆ ಅಂದರೆ ಅದಕ್ಕೆ ಆ ಎರಡು ವರ್ಷವೇ ಕಾರಣ. ಉಳಿದಿದ್ದನ್ನು ತುಟಿ ನೋಡಿ ಅರ್ಥ ಮಾಡಿಕೊಳ್ತಾಳೆ.

ನಾನು ಅನ್ನದ ತುತ್ತು ನುಂಗುತ್ತಾ, ಏನೂ ಯೋಚನೆ ಮಾಡದೆ ಹೇಳಿಬಿಟ್ಟೆ. "ಅಯ್ಯೋ ಚಿಕ್ಕಪ್ಪ, ಪಿಡಬ್ಲ್ಯುಡಿ ಕೋಟಾ ಇದೆಯಲ್ಲ. ಸರ್ಟಿಫಿಕೇಟ್ ಮಾಡಿಸಿ, ಆರಾಮಾಗಿ ಸಿಗುತ್ತೆ."

ಅವಳು ಎದುರಿಗೇ ಕೂತಿದ್ದಳು. ಏನೂ ಅನ್ನಲಿಲ್ಲ. ಬೆಂಗಳೂರಿಗೆ ವಾಪಸ್ ಬರುವಾಗ ಚನ್ನರಾಯಪಟ್ಟಣ ದಾಟಿರಲಿಲ್ಲ, ವಾಟ್ಸಾಪ್‌ನಲ್ಲಿ ಒಂದು ಸಾಲು ಬಂತು. "ಅಣ್ಣ, ಆರಾಮಾಗಿ ಅಂದೆಯಲ್ಲ, ಯಾವುದು ಆರಾಮ?"

ಏನು ಉತ್ತರ ಕೊಡೋದು ಅಂತ ಗೊತ್ತಾಗಲಿಲ್ಲ. ಹಾಗಾಗಿ ನಮ್ಮಂಥವರು ಏನು ಮಾಡ್ತೀವೋ ಅದನ್ನೇ ಮಾಡಿದೆ. ಒಂದು ಎಕ್ಸೆಲ್ ಶೀಟ್ ತೆರೆದೆ.

ಮೊದಲು ಸರ್ಟಿಫಿಕೇಟಿನ ವಿಷಯ. ಹದಿನೆಂಟು ವರ್ಷ ಆಗುತ್ತಾ ಬಂದರೂ ಅವರ ಮನೆಯಲ್ಲಿ ಅಂಗವಿಕಲತೆಯ ಸರ್ಟಿಫಿಕೇಟ್ ಮಾಡಿಸಿರಲಿಲ್ಲ. ಅಜ್ಜಿ ಬಿಟ್ಟಿರಲಿಲ್ಲ. "ಒಂದು ಸಲ ಸರ್ಕಾರದ ಕಾಗದದಲ್ಲಿ ಕಿವುಡಿ ಅಂತ ಬರೆಸಿಬಿಟ್ಟರೆ ನಾಳೆ ಸಂಬಂಧ ಹುಡುಕೋದು ಹೇಗೆ" ಅನ್ನೋದು ಅವರ ವಾದ. ಕಾಗದದಲ್ಲಿ ಬರೆಸದಿದ್ದರೆ ಗಂಡಿನ ಕಡೆಯವರಿಗೆ ಗೊತ್ತೇ ಆಗಲ್ಲವಾ ಅಂತ ಕೇಳಿದರೆ ಅಜ್ಜಿ ಮಾತು ಬದಲಾಯಿಸುತ್ತಿದ್ದರು. ನಗು ಬರುತ್ತೆ, ಆದರೆ ಇಂಥ ಮನೆಗಳು ನಮ್ಮಲ್ಲಿ ಎಷ್ಟಿವೆಯೋ. ಆ ಕಾಗದ ಇಲ್ಲದೆ ಎಸ್ಸೆಸ್ಸೆಲ್ಸಿಯಲ್ಲೂ ಅವಳಿಗೆ ಏನೂ ಸಿಗಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಕಲಂ ಓದಿ ನೋಡಿ, ಪರೀಕ್ಷೆಯಲ್ಲಿ ಹೆಚ್ಚು ಸಮಯ, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ, ಎಲ್ಲಾ ಬರೆದಿದ್ದಾರೆ. ಇವಳು ಹಿಂದಿಯನ್ನೂ ಎಲ್ಲರ ಹಾಗೇ ಕಲಿತು ಬರೆದಳು.

ಸರ್ಟಿಫಿಕೇಟಿನಲ್ಲಿ ಶೇಕಡಾವಾರು ಲೆಕ್ಕ ಹಾಕುವ ರೀತಿ ನನಗೆ ಹೊಸದು. ಚೆನ್ನಾಗಿ ಕೇಳುವ ಕಿವಿಯ ನಷ್ಟವನ್ನು ಐದರಿಂದ ಗುಣಿಸಿ, ಅದಕ್ಕೆ ಇನ್ನೊಂದು ಕಿವಿಯದನ್ನು ಕೂಡಿಸಿ, ಆರರಿಂದ ಭಾಗಿಸಬೇಕು. ನಮ್ಮ ಟೀಮಿನಲ್ಲಿ ಒಬ್ಬರಿಗೆ ಎಡಗಿವಿ ಪೂರ್ತಿ ಕೇಳಿಸಲ್ಲ, ಬಲಗಿವಿ ಸರಿಯಾಗಿದೆ. ಮೀಟಿಂಗಿನಲ್ಲಿ ಯಾವಾಗಲೂ ಎಡಗಡೆ ಮೂಲೆ ಹುಡುಕಿಕೊಂಡು ಕೂರುತ್ತಾರೆ, ಎಲ್ಲರೂ ಬಲಗಡೆಗೆ ಬರಲಿ ಅಂತ. ಅವರ ಲೆಕ್ಕ ಹಾಕಿದರೆ 100 ಭಾಗಿಸು 6, ಅಂದರೆ ಹದಿನೇಳು ಪರ್ಸೆಂಟೂ ಇಲ್ಲ. ಮೀಸಲಾತಿಗೆ 40 ಬೇಕು. ಎರಡೂ ಕಿವಿಯಲ್ಲಿ 70 ಡೆಸಿಬಲ್ ನಷ್ಟ ಇದ್ದರೆ ಕಾಯ್ದೆ ಪ್ರಕಾರ ಕಿವುಡು, 60ರಿಂದ 70 ಇದ್ದರೆ ಮಂದಗಿವಿ. ಪುಟ್ಟಿಯದು ಅನುಮಾನವೇ ಇಲ್ಲದ ಕೇಸು. ಅಂತೂ ಅಜ್ಜಿಯ ಮುನಿಸಿನ ನಡುವೆಯೇ ಸರ್ಟಿಫಿಕೇಟ್ ಆಯಿತು.

ಇನ್ನು ಸೀಟಿನ ಲೆಕ್ಕ. ಕಾಯ್ದೆಯ 32ನೇ ಕಲಂ ಪ್ರಕಾರ ಸರ್ಕಾರಿ ಮತ್ತು ಸರ್ಕಾರದ ಅನುದಾನ ಪಡೆಯುವ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ 5 ಪರ್ಸೆಂಟ್ ಸೀಟು ಮೀಸಲು. 1995ರ ಹಳೇ ಕಾಯ್ದೆಯಲ್ಲಿ ಇದು 3 ಇತ್ತು. ಕೇಳೋಕೆ ಚೆನ್ನಾಗಿದೆ. ಈಗ ಒಂದು ಎನ್‌ಐಟಿಯಲ್ಲಿ 120 ಸೀಟಿನ ಒಂದು ಬ್ರಾಂಚ್ ಇದೆ ಅಂದುಕೊಳ್ಳಿ. ಐದು ಪರ್ಸೆಂಟ್ ಅಂದರೆ ಆರು ಸೀಟು. ಅದರಲ್ಲಿ ಅರ್ಧ ಅದೇ ರಾಜ್ಯದವರಿಗೆ, ಅಂದರೆ ಮೂರು. ಆ ಮೂರನ್ನು ಜನರಲ್, ಇಡಬ್ಲ್ಯುಎಸ್, ಒಬಿಸಿ, ಎಸ್‌ಸಿ, ಎಸ್‌ಟಿ ಅಂತ ಐದು ಕಡೆ ಹಂಚಬೇಕು. ಒಂದೊಂದು ಡಬ್ಬದಲ್ಲಿ ಒಂದು ಸೀಟು ಇದ್ದರೆ ಹೆಚ್ಚು, ಕೆಲವದರಲ್ಲಿ ಇಲ್ಲವೇ ಇಲ್ಲ.

ನಾನು ಹಿಂದಿನ ವರ್ಷಗಳ ಕ್ಲೋಸಿಂಗ್ ರ‍್ಯಾಂಕ್ ಎಲ್ಲಾ ಇಳಿಸಿಕೊಂಡು ಗ್ರಾಫ್ ಮಾಡೋಕೆ ಹೊರಟಿದ್ದೆ. ಅರ್ಧ ಗಂಟೆಯಲ್ಲಿ ನನ್ನ ಪೆದ್ದುತನ ಗೊತ್ತಾಯಿತು. ಓಪನಿಂಗ್ ರ‍್ಯಾಂಕೂ ಕ್ಲೋಸಿಂಗ್ ರ‍್ಯಾಂಕೂ ಒಂದೇ ಇರುವ ಸಾಲುಗಳೇ ಸಾಲು ಸಾಲು. ಅಂದರೆ ಆ ಸೀಟಿಗೆ ಸೇರಿದ್ದು ಒಬ್ಬರೇ. ಸ್ಯಾಂಪಲ್ ಸೈಜ್ ಒಂದು! ಹೋದ ವರ್ಷ ಯಾರೋ ಒಬ್ಬ ಹುಡುಗ ಮನೆಗೆ ಹತ್ತಿರ ಅಂತ ಆ ಕಾಲೇಜು ತಗೊಂಡಿದ್ದನ್ನು ಇಟ್ಟುಕೊಂಡು ಈ ವರ್ಷ ಪುಟ್ಟಿಗೆ ಶೇಕಡಾ ಇಷ್ಟು ಚಾನ್ಸ್ ಅಂತ ಹೇಳುವುದು ಗಿಳಿಶಾಸ್ತ್ರ. ದುಡ್ಡು ತಗೊಂಡು ಇಂಥ ಗಿಳಿಶಾಸ್ತ್ರ ಹೇಳುವ ಕೌನ್ಸೆಲಿಂಗ್ ಕನ್ಸಲ್ಟೆಂಟುಗಳೂ ಇದ್ದಾರೆ, ದಯವಿಟ್ಟು ಕೊಡಬೇಡಿ.

ಇನ್ನೊಂದು ವಿಷಯ. ಸರ್ಕಾರಿ ಕೆಲಸದ ಮೀಸಲಾತಿಯಲ್ಲಿ, ಅಂದರೆ 34ನೇ ಕಲಂನಲ್ಲಿ, ಕಿವುಡರಿಗೆ ಮತ್ತು ಮಂದಗಿವಿಯವರಿಗೆ ಅಂತಲೇ ಒಂದು ಪರ್ಸೆಂಟ್ ಬೇರೆ ಇಟ್ಟಿದ್ದಾರೆ. ಓದಿನ ಮೀಸಲಾತಿಯಲ್ಲಿ ಆ ವಿಂಗಡಣೆ ಇಲ್ಲ. ಕಾಲು ಇಲ್ಲದವರು, ಕಣ್ಣು ಕಾಣದವರು, ಕಿವಿ ಕೇಳದವರು ಎಲ್ಲರಿಗೂ ಒಂದೇ ಪಟ್ಟಿ. ಒಬ್ಬರದು ಹೆಚ್ಚು ಕಷ್ಟ ಇನ್ನೊಬ್ಬರದು ಕಡಿಮೆ ಅಂತ ನಾನು ಹೇಳುತ್ತಿಲ್ಲ, ಆ ಜಗಳ ಬೇಡ. ಆದರೆ ಆ ಪಟ್ಟಿ ನೋಡಿ "ಕಿವಿ ಕೇಳದ ಹುಡುಗಿಯ ಚಾನ್ಸ್" ಅಂತ ಯಾರೂ ಲೆಕ್ಕ ತೆಗೆಯೋಕೆ ಆಗಲ್ಲ, ಅಂಥ ಸಾಲೇ ಅದರಲ್ಲಿಲ್ಲ.

ಹಾಗಂತ ಬಾಗಿಲು ಸಣ್ಣದೇನಲ್ಲ. ಐಐಟಿಗಳಲ್ಲಿ ಪಿಡಬ್ಲ್ಯುಡಿ ಪಟ್ಟಿಗೆ ಬೇಕಾದ ಕನಿಷ್ಠ ಅಂಕ ಸಾಮಾನ್ಯ ಪಟ್ಟಿಯ ಅರ್ಧ. ಅದೂ ಬರದಿದ್ದರೆ, ಸೀಟು ಖಾಲಿ ಉಳಿದರೆ, ಒಂದು ವರ್ಷದ ಪೂರ್ವಸಿದ್ಧತಾ ಕೋರ್ಸು ಇದೆ, ಅದನ್ನು ಪಾಸು ಮಾಡಿ ಮುಂದಿನ ವರ್ಷ ಬಿ.ಟೆಕ್ ಸೇರಬಹುದು. ಬೋಧನಾ ಶುಲ್ಕ ಪೂರ್ತಿ ಮಾಫಿ. ನಮ್ಮ ಸಿಇಟಿಯಲ್ಲಿ ಇಂಜಿನಿಯರಿಂಗಿಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರಿಸಿ ರ‍್ಯಾಂಕ್ ಕೊಡೋದರಿಂದ ಪುಟ್ಟಿಯಂಥವರಿಗೆ ಅನುಕೂಲವೇ. ಪುಸ್ತಕ ಓದಿ ಬರೆಯುವ ಪರೀಕ್ಷೆಯಲ್ಲಿ ಅವಳು ಯಾರಿಗೂ ಕಮ್ಮಿ ಇಲ್ಲ. ಪಿಸಿಎಂನಲ್ಲಿ 88 ಪರ್ಸೆಂಟ್ ತೆಗೆದಿದ್ದಾಳೆ.

ಈ 88ರ ಬಗ್ಗೆ ಸ್ವಲ್ಪ ಹೇಳಬೇಕು. ಕೋಟಾ ಅಂದಕೂಡಲೇ ಮುಖ ಸಿಂಡರಿಸುವ ಗೆಳೆಯರು ನನಗೂ ಇದ್ದಾರೆ. ಅವರಿಗೆ ನಾನು ಕೇಳೋದು ಇಷ್ಟೇ, ತುಟಿ ನೋಡಿ ಪಾಠ ಕೇಳಿದ್ದೀರಾ? ಕನ್ನಡಿ ಮುಂದೆ ನಿಂತು ಸದ್ದು ಮಾಡದೆ "ಪರ, ಬರ, ಮರ" ಅಂತ ಹೇಳಿ ನೋಡಿ. ಮೂರಕ್ಕೂ ತುಟಿ ಒಂದೇ ಥರ ಸೇರಿ ಬಿಡುತ್ತೆ. ಯಾವುದು ಅಂತ ಹಿಂದಿನ ಮುಂದಿನ ಮಾತು ನೋಡಿ ಊಹಿಸಬೇಕು. ಕ, ಗ ಎಲ್ಲಾ ಗಂಟಲ ಹತ್ತಿರದ ಅಕ್ಷರ, ತುಟಿಯಲ್ಲಿ ಕಾಣಿಸೋದೇ ಇಲ್ಲ. ಅದರ ಮೇಲೆ ಮೇಷ್ಟ್ರು ಬೋರ್ಡ್ ಕಡೆ ತಿರುಗಿ ಬರೆಯುತ್ತಾ ಮಾತಾಡಿದರೆ ಸೊನ್ನೆ. ನೆಟ್‌ವರ್ಕಿನ ಭಾಷೆಯಲ್ಲಿ ಹೇಳಬೇಕಂದರೆ ಅರ್ಧಕ್ಕರ್ಧ ಪ್ಯಾಕೆಟ್ ಬೀಳುತ್ತಿರುವ ಲೈನಿನಲ್ಲಿ ಎರಡು ವರ್ಷ ಡೌನ್‌ಲೋಡ್ ಮಾಡಿ, ಕೊನೆಗೆ 88 ಪರ್ಸೆಂಟ್ ಫೈಲು ಜೋಡಿಸಿಟ್ಟಿದ್ದಾಳೆ. ನಾನು ನೂರಕ್ಕೆ ನೂರು ಕೇಳಿಸಿಕೊಂಡು, ಟ್ಯೂಷನ್ನಿಗೂ ಹೋಗಿ, ಕಾರಿಡಾರಿನಲ್ಲಿ ಮೇಷ್ಟ್ರನ್ನು ಹಿಡಿದು ಡೌಟು ಕೇಳಿ ತೆಗೆದಿದ್ದು 91. ನನ್ನ ಮೂರು ಪರ್ಸೆಂಟ್ ಬುದ್ಧಿವಂತಿಕೆ ಎಲ್ಲಿಂದ ಬಂತು ಅಂತ ನನಗೆ ಈಗ ಅನುಮಾನ.

ಮೆಡಿಕಲ್ ಕತೆ ಬೇರೆಯೇ, ಆದರೆ ಹೇಳದೆ ಇರೋಕಾಗಲ್ಲ. 2019ರಲ್ಲಿ ಬಂದ ನಿಯಮದಲ್ಲಿ ಒಂದು ಮಜಾ ಇತ್ತು. ಎಂಬಿಬಿಎಸ್‌ನಲ್ಲಿ ಮೀಸಲಾತಿ ಬೇಕಂದರೆ ಕಿವಿಯ ನಷ್ಟ 40 ಪರ್ಸೆಂಟ್‌ಗಿಂತ ಮೇಲಿರಬೇಕು. ಆದರೆ ಮಿಷನ್ ಹಾಕಿಕೊಂಡ ಮೇಲೆ ಅದು 40ಕ್ಕಿಂತ ಕೆಳಗಿಳಿಯಬೇಕು! ಇಳಿಯದಿದ್ದರೆ ಮೀಸಲಾತಿ ಮಾತ್ರ ಅಲ್ಲ, ಡಾಕ್ಟರಾಗುವ ಅರ್ಹತೆಯೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ, ಮಾತಿನ ತೊಂದರೆ ಇದ್ದ ಒಬ್ಬ ವಿದ್ಯಾರ್ಥಿಯ ಕೇಸಿನಲ್ಲಿ ಸುಪ್ರೀಂ ಕೋರ್ಟು, ಪರ್ಸೆಂಟ್ ಇಷ್ಟಿದೆ ಅನ್ನೋ ಒಂದೇ ಕಾರಣಕ್ಕೆ ಹೊರಗಿಡಬೇಡಿ, ಈ ವ್ಯಕ್ತಿ ಓದಬಲ್ಲನೋ ಇಲ್ಲವೋ ಅಂತ ಬೋರ್ಡು ನೋಡಬೇಕು ಅಂತ ಹೇಳಿತು. ಪುಟ್ಟಿಗೆ ಡಾಕ್ಟರಾಗುವ ಆಸೆ ಮೊದಲಿಂದಲೂ ಇಲ್ಲ, ರಕ್ತ ಕಂಡರೆ ಆಗಲ್ಲ. ಬಚಾವ್.

ಇಷ್ಟೆಲ್ಲಾ ಶೀಟಿನಲ್ಲಿ ತುಂಬಿಸಿ, ಬಣ್ಣ ಎಲ್ಲಾ ಹಚ್ಚಿ, ಭಾನುವಾರ ಅವಳಿಗೆ ಕಳಿಸಿದೆ. ಹಸಿರು ಬಣ್ಣದ್ದು ಖಂಡಿತ ಸಿಗೋದು, ಹಳದಿ ಪ್ರಯತ್ನಿಸಬಹುದು, ಕೆಂಪು ಕಷ್ಟ. ಸಂಜೆ ಉತ್ತರ ಬಂತು. "ಚೆನ್ನಾಗಿದೆ ಅಣ್ಣ. ಇದ್ರಲ್ಲಿ ಯಾವ ಕಾಲೇಜಲ್ಲಿ ನಂಗೆ ಕ್ಲಾಸ್ ಅರ್ಥ ಆಗುತ್ತೆ ಅಂತ ಕಾಲಂ ಇಲ್ವಲ್ಲ?"

ಆವಾಗ ನೆನಪಾದವನು ನನ್ನ ಕ್ಲಾಸ್‌ಮೇಟ್ ಒಬ್ಬ. ಹೆಸರು ಬೇಡ, ಕಾಲೇಜಿನ ಹೆಸರೂ ಬೇಡ. 2015ರಲ್ಲಿ ನಮ್ಮ ಜೊತೆಗೇ ಸೇರಿದ. ಅವನಿಗೂ ಕಿವಿ ಕೇಳಿಸುತ್ತಿರಲಿಲ್ಲ, ಕೋಟಾದಲ್ಲೇ ಸೀಟು ಸಿಕ್ಕಿತ್ತು, ಅಂದರೆ ಇವತ್ತಿನ ನನ್ನ ಶೀಟಿನ ಪ್ರಕಾರ ಅವನದು ಹಸಿರು. ಯಾವಾಗಲೂ ಮೊದಲನೇ ಬೆಂಚು. ನಾವು ಅವನ ಹತ್ತಿರ ಕಿರುಚಿ ಮಾತಾಡುತ್ತಿದ್ದೆವು, ಕಿರುಚಿದರೆ ತುಟಿಯ ಆಕಾರ ಕೆಟ್ಟು ಇನ್ನೂ ಅರ್ಥ ಆಗಲ್ಲ ಅಂತ ಯಾರಿಗೆ ಗೊತ್ತಿತ್ತು. ಒಬ್ಬ ಲೆಕ್ಚರರ್ ಪವರ್‌ಪಾಯಿಂಟ್ ಹಾಕಿ ಲೈಟ್ ಆರಿಸುತ್ತಿದ್ದರು. ಕತ್ತಲಲ್ಲಿ ತುಟಿ ಎಲ್ಲಿ ಕಾಣಬೇಕು? ಅವನು ಒಂದು ಸಲ ಹೋಗಿ ಲೈಟ್ ಇರಲಿ ಸರ್ ಅಂದ. ಉಳಿದ ಐವತ್ತೊಂಬತ್ತು ಜನರಿಗೆ ಸ್ಕ್ರೀನ್ ಕಾಣಲ್ಲ ಅಂದರು. ಅದು ಅಲ್ಲಿಗೆ ಮುಗಿಯಿತು.

ನಾನು ಅವನಿಗೆ ನೋಟ್ಸ್ ಜೆರಾಕ್ಸ್ ಕೊಡುತ್ತಿದ್ದೆ. ಅದು ದೊಡ್ಡ ಉಪಕಾರ ಅಂತ ಆಗ ನನಗೆ ಜಂಬ ಇತ್ತು. ಆ ನೋಟ್ಸಿನಲ್ಲಿ ಇದ್ದಿದ್ದಾದರೂ ಏನು? ಬೋರ್ಡಿನಲ್ಲಿ ಬರೆದಿದ್ದು. ಅದನ್ನು ಅವನೂ ನೋಡಿಯೇ ಇದ್ದ. ಬಾಯಲ್ಲಿ ಹೇಳಿದ್ದನ್ನು ನಾನು ಬರೆದುಕೊಂಡೇ ಇರಲಿಲ್ಲ, ನನಗೆ ಕೇಳಿಸಿತ್ತಲ್ಲ, ಯಾಕೆ ಬರೆದುಕೊಳ್ಳಲಿ.

ನಾಲ್ಕನೇ ಸೆಮಿಸ್ಟರಿನ ಲ್ಯಾಬ್ ಪರೀಕ್ಷೆ. ಎಕ್ಸ್‌ಟರ್ನಲ್ ಆಗಿ ಬಂದವರು ಮಾಸ್ಕ್ ಏನೂ ಹಾಕಿರಲಿಲ್ಲ, ಆದರೆ ದಪ್ಪ ಮೀಸೆ, ತುಟಿ ಮುಚ್ಚುವಷ್ಟು. ವೈವಾದಲ್ಲಿ ಕ್ಯೂ ಬಗ್ಗೆ ಕೇಳಿದ್ದಕ್ಕೆ ಇವನು ಟ್ರೀ ಬಗ್ಗೆ ಹೇಳಿದ. ಪಕ್ಕದ ಸಿಸ್ಟಮ್ಮಿನಲ್ಲಿ ನಾನಿದ್ದೆ. ಒಂದು ಹಾಳೆಯಲ್ಲಿ ಪ್ರಶ್ನೆ ಬರೆದು ಕೊಡಿ ಸರ್ ಅಂತ ಹೇಳಬಹುದಿತ್ತು. ನನ್ನ ವೈವಾ ಇನ್ನೂ ಆಗಿರಲಿಲ್ಲ. ಸುಮ್ಮನಿದ್ದೆ. ಅವನ ಪ್ರೋಗ್ರಾಂ ರನ್ ಆಗಿತ್ತು, ಔಟ್‌ಪುಟ್ ಸರಿಯಾಗಿತ್ತು, ಆದರೂ ಫೇಲು. ಇಯರ್ ಬ್ಯಾಕ್ ಆಯಿತು, ಬಿಟ್ಟು ಹೋದ. ಗೂಗಲ್‌ನವರು ಮಾತನ್ನು ಬರಹ ಮಾಡಿ ತೋರಿಸುವ ಲೈವ್ ಟ್ರಾನ್ಸ್‌ಕ್ರೈಬ್ ಆ್ಯಪ್ ತಂದಿದ್ದು 2019ರ ಫೆಬ್ರವರಿಯಲ್ಲಿ. ಆಗ ನಾವು ಕೊನೇ ಸೆಮಿಸ್ಟರಿನಲ್ಲಿ ಫೇರ್‌ವೆಲ್ಲಿಗೆ ದುಡ್ಡು ಸೇರಿಸುತ್ತಿದ್ದೆವು.

ಸೀಟು ಸಿಗುವ ಚಾನ್ಸು ಬೇರೆ, ಸಿಕ್ಕಿದ ಮೇಲೆ ಡಿಗ್ರಿ ಮುಗಿಸುವ ಚಾನ್ಸು ಬೇರೆ. ಎಲ್ಲರೂ ಮೊದಲನೇದನ್ನೇ ಕೇಳುತ್ತಾರೆ, ಎಲ್ಲರೂ ಅದನ್ನೇ ಹೇಳುತ್ತಾರೆ. ಕಾಲೇಜುಗಳ ಪ್ರಾಸ್ಪೆಕ್ಟಸ್ಸಿನಲ್ಲಿ ಪ್ಲೇಸ್‌ಮೆಂಟ್ ಪ್ಯಾಕೇಜು ದೊಡ್ಡಕ್ಷರದಲ್ಲಿ ಇರುತ್ತದೆ. ಪಿಡಬ್ಲ್ಯುಡಿ ಸೀಟು ಎಷ್ಟು ಅಂತಲೂ ಇರುತ್ತದೆ, ಕಾನೂನು ಇದೆಯಲ್ಲ. ಹೀಗೆ ಸೇರಿದವರಲ್ಲಿ ಎಷ್ಟು ಜನ ನಾಲ್ಕು ವರ್ಷದಲ್ಲಿ ಹೊರಬಂದರು ಅಂತ ಮಾತ್ರ ನಾನು ನೋಡಿದ ಯಾವ ಕಾಲೇಜಿನ ಪುಟದಲ್ಲೂ ಇಲ್ಲ. ಅದನ್ನು ಪ್ರತಿ ವರ್ಷ ಪ್ರಕಟಿಸಲೇಬೇಕು ಅಂತ ಒಂದು ನಿಯಮ ಮಾಡಿದರೆ ಸಾಕು, ಅರ್ಧ ರೋಗ ಅಲ್ಲೇ ಕಾಣಿಸುತ್ತೆ.

ಅಮೆರಿಕದ ಉದಾಹರಣೆ ಕೊಟ್ಟರೆ ಕೆಲವರಿಗೆ ಸಿಟ್ಟು ಬರುತ್ತೆ, ಆದರೂ ಕೊಡ್ತೀನಿ. ರೋಚೆಸ್ಟರಿನ ಆರ್‌ಐಟಿ ಕ್ಯಾಂಪಸ್ಸಿನೊಳಗೆ ಎನ್‌ಟಿಐಡಿ ಅಂತ ಕಿವುಡರ ತಾಂತ್ರಿಕ ಸಂಸ್ಥೆ ಇದೆ. 1965ರಲ್ಲಿ ಕಾನೂನು ಮಾಡಿ, 1968ರಲ್ಲಿ ಮೊದಲ ವಿದ್ಯಾರ್ಥಿಗಳನ್ನು ತಗೊಂಡರು. ಅಲ್ಲಿನ ಕಿವುಡ ವಿದ್ಯಾರ್ಥಿಗಳು ಮಾಮೂಲಿ ಇಂಜಿನಿಯರಿಂಗ್ ಕ್ಲಾಸಿಗೇ ಹೋಗ್ತಾರೆ, ಜೊತೆಗೆ ಸಂಜ್ಞಾ ಭಾಷೆಯ ದುಭಾಷಿ ಬರ್ತಾರೆ, ಇಲ್ಲಾ ಪಾಠ ಅಕ್ಷರವಾಗಿ ಸ್ಕ್ರೀನಿನಲ್ಲಿ ಬರುತ್ತೆ. ಅಲ್ಲೂ ಎಲ್ಲಾ ತಾನಾಗಿ ಆಗಿಲ್ಲ. ಹಾರ್ವರ್ಡ್, ಎಂಐಟಿ ತಮ್ಮ ಆನ್‌ಲೈನ್ ಪಾಠಗಳಿಗೆ ಕ್ಯಾಪ್ಷನ್ ಹಾಕಿಲ್ಲ ಅಂತ 2015ರಲ್ಲಿ ಕಿವುಡರ ಸಂಘ ಕೋರ್ಟಿಗೆ ಹೋಗಿ, 2019ರಲ್ಲಿ ಮತ್ತು 2020ರಲ್ಲಿ ರಾಜಿ ಆಗಿ, ಆಮೇಲೆ ಹಾಕ್ತೀವಿ ಅಂತ ಒಪ್ಪಿಕೊಂಡರು. ನಮ್ಮ ಹತ್ತಿರದಲ್ಲೂ ದಾರಿ ಇಲ್ಲ ಅಂತಲ್ಲ. ತಿರುವನಂತಪುರದ ನಿಶ್‌ನಲ್ಲಿ ಕಿವುಡರಿಗೆ ಅಂತಲೇ ಕಂಪ್ಯೂಟರ್ ಸೈನ್ಸ್ ಡಿಗ್ರಿ ಇದೆ, ಮೈಸೂರಿನಲ್ಲಿ ಜೆಎಸ್‌ಎಸ್‌ನವರ ಅಂಗವಿಕಲರ ಪಾಲಿಟೆಕ್ನಿಕ್ ಇದೆ. ಪುಟ್ಟಿಗೆ ಇದನ್ನೂ ಹೇಳಿದೆ. "ಅದು ಒಳ್ಳೇದೇ ಇರ್ಬೋದು, ಆದ್ರೆ ನಂಗೆ ಬೇಕಾಗಿರೋದು ಸುರತ್ಕಲ್" ಅಂದಳು. ಸಂಜ್ಞಾ ಭಾಷೆ ಅವಳಿಗೆ ಬರಲ್ಲ, ಅವಳಿಗೆ ಬೇಕಾಗಿರೋದು ಅಕ್ಷರ.

ಹಾಗಾಗಿ ಬಣ್ಣ ಎಲ್ಲಾ ಅಳಿಸಿ ಹೊಸ ಶೀಟು ಮಾಡಿದೆವು, ಈ ಸಲ ಕಾಲಂಗಳು ಅವಳವೇ. ಲೆಕ್ಚರರ್ ಕಾಲರ್ ಮೈಕ್ ಹಾಕ್ತಾರಾ? ಹಾಕಿದರೆ ಅದನ್ನು ನೇರ ಅವಳ ಮಿಷನ್ನಿಗೆ ಇಲ್ಲಾ ಫೋನಿಗೆ ಜೋಡಿಸಬಹುದು. ಕ್ಲಾಸಿನಲ್ಲಿ ಫೋನಿಟ್ಟು ಆ್ಯಪ್ ಬಳಸೋಕೆ ಬಿಡ್ತಾರಾ? ವೈವಾ ಪ್ರಶ್ನೆ ಬರೆದು ಕೊಡ್ತಾರಾ? ಹಾಸ್ಟೆಲ್ಲಿನ ಫೈರ್ ಅಲಾರಂಗೆ ದೀಪ ಇದೆಯಾ? ಈ ಕೊನೇದು ನನಗೆ ಯಾವ ಜನ್ಮದಲ್ಲೂ ಹೊಳೆಯುತ್ತಿರಲಿಲ್ಲ.

(ಆ್ಯಪ್ ಅನ್ನು ಮನೆಯಲ್ಲಿ ನಾನೇ ಪರೀಕ್ಷೆ ಮಾಡಿದೆ. ಶುದ್ಧ ಇಂಗ್ಲಿಷಿನಲ್ಲಿ ಮಾತಾಡಿದರೆ ಪರವಾಗಿಲ್ಲ, ಕನ್ನಡದಲ್ಲೂ ತಕ್ಕಮಟ್ಟಿಗೆ ಬರುತ್ತೆ. "ಈ ಮ್ಯಾಟ್ರಿಕ್ಸ್‌ನ ಇನ್ವರ್ಸ್ ಎಕ್ಸಿಸ್ಟ್ ಆಗ್ಬೇಕಂದ್ರೆ" ಅಂತ ನಮ್ಮ ಮೇಷ್ಟ್ರುಗಳ ಶೈಲಿಯಲ್ಲಿ ಹೇಳಿದ್ದಕ್ಕೆ ಅದು ಬರೆದಿದ್ದನ್ನು ಓದಿ ಪುಟ್ಟಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು.)

ಈ ಪ್ರಶ್ನೆಗಳನ್ನು ಅವಳೇ ಇಂಗ್ಲಿಷಿನಲ್ಲಿ ಬರೆದು ಹನ್ನೊಂದು ಕಾಲೇಜುಗಳಿಗೆ ಮೇಲ್ ಮಾಡಿದಳು. ಹತ್ತು ದಿನ ಆಯಿತು. ಮೂರು ಕಡೆಯಿಂದ ಉತ್ತರ ಬಂದಿದೆ. ಒಂದರಲ್ಲಿ, ಅಡ್ಮಿಷನ್ ಆದ ಮೇಲೆ ವಿಭಾಗದ ಮುಖ್ಯಸ್ಥರನ್ನು ಕಾಣಿ ಅಂತ ಇತ್ತು. ಇನ್ನೊಂದು ಕಾಲೇಜಿನವರು, ತಮ್ಮಲ್ಲಿ ವಿಶೇಷಚೇತನರಿಗೆ ಎಲ್ಲಾ ಸೌಲಭ್ಯ ಇದೆ, ಪ್ರತಿ ಬ್ಲಾಕಿನಲ್ಲೂ ರ‍್ಯಾಂಪ್ ಮತ್ತು ಲಿಫ್ಟ್ ಇದೆ ಅಂತ ಬರೆದಿದ್ದರು. ಅದನ್ನು ನನಗೆ ಫಾರ್ವರ್ಡ್ ಮಾಡಿ ಪುಟ್ಟಿ ಕೆಳಗೆ ಸೇರಿಸಿದ್ದು, "ಓಡಾಡೋಕೆ ತೊಂದ್ರೆ ಇಲ್ಲ ಅಂತಾಯ್ತು".

ಮೂರನೇದು ಯಾವುದೋ ಒಬ್ಬ ಪ್ರೊಫೆಸರ್ ಸ್ವಂತ ಐಡಿಯಿಂದ ಬರೆದಿದ್ದು. ನಾಲ್ಕೇ ಸಾಲು. ಹೋದ ವರ್ಷ ಪಾಸಾದ ಒಬ್ಬ ವಿದ್ಯಾರ್ಥಿಗೆ ತಾವು ಮೈಕ್ ಹಾಕಿ ಪಾಠ ಮಾಡುತ್ತಿದ್ದೆವು, ವೈವಾ ಪ್ರಶ್ನೆಗಳನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿ ತೋರಿಸುತ್ತಿದ್ದೆವು, ಎಲ್ಲಾ ಲೆಕ್ಚರರುಗಳೂ ಹಾಗೆ ಮಾಡುತ್ತಿದ್ದರು ಅಂತ ತಾವು ಭರವಸೆ ಕೊಡೋಕಾಗಲ್ಲ, ಹಾಸ್ಟೆಲ್ ಅಲಾರಂ ಬಗ್ಗೆ ತಮಗೆ ಗೊತ್ತಿರಲಿಲ್ಲ, ವಿಚಾರಿಸ್ತೀವಿ ಅಂತ.

ಆ ಕಾಲೇಜು ನನ್ನ ಹಳೇ ಶೀಟಿನಲ್ಲಿ ಹದಿನಾಲ್ಕನೇ ಸಾಲಿನಲ್ಲಿತ್ತು. ಇನ್ನು ಸ್ವಲ್ಪ ದಿನದಲ್ಲಿ ಆಪ್ಷನ್ ಎಂಟ್ರಿ ಶುರುವಾಗುತ್ತೆ. ಸುರತ್ಕಲ್ ಮೇಲಿಡಬೇಕೋ ಇದನ್ನು ಮೇಲಿಡಬೇಕೋ ಅಂತ ಅಪ್ಪ ಮಗಳಿಗೆ ದಿನಾ ಜಗಳ. ನನ್ನನ್ನು ಕೇಳಿದರೆ ಈ ಸಲ ನಾನು ಬಾಯಿ ಬಿಟ್ಟಿಲ್ಲ. ನಿನ್ನೆ ರಾತ್ರಿ ಚಿಕ್ಕಪ್ಪ ಫೋನ್ ಮಾಡಿ ನಮ್ಮ ಊರಿನ ಕಡೆಯವರು ಯಾರಾದ್ರೂ ಸುರತ್ಕಲ್ಲಲ್ಲಿ ಓದ್ತಿದ್ದಾರಾ, ಹಾಸ್ಟೆಲಲ್ಲಿ ಆ ದೀಪ ಇದೆಯಾ ಅಂತ ನೋಡಿ ಹೇಳೋಕೆ ಅಂತ ಕೇಳಿದರು. ನಿಮಗೆ ಯಾರಾದರೂ ಗೊತ್ತಿದ್ದರೆ ತಿಳಿಸಿ.